ಹೊಸ ಎಡಿಷನ್ನಿನ ರಣಧೀರ

ಭೀಮರಾಜನಿಗೆ ಈ ಜನ್ಮದಲ್ಲಿ ಉಳಿದಿದ್ದು ಒಂದೇ ಆಸೆ: ಒಂದು ಡ್ರ್ಯಾಗನ್ ಕೊಲ್ಲಬೇಕು. ಕೋಗಿಲಿನಲ್ಲಿ ಪ್ಲೈವುಡ್ ಅಂಗಡಿ ಇಟ್ಟುಕೊಂಡವನಿಗೆ ಡ್ರ್ಯಾಗನ್ ಎಲ್ಲಿಂದ ಸಿಗಬೇಕು ಅಂತೀರಾ? ಸಿಗುತ್ತೆ ಸ್ವಾಮಿ, ಭಾನುವಾರ ಮಧ್ಯಾಹ್ನ, ಊಟದ ಟೇಬಲ್ ಮೇಲೆ! ಗೆಳೆಯ ಅಬ್ರಾರ್ ಆರ್.ಟಿ. ನಗರದಿಂದ ಹೆಬ್ಬಾಳದ ಟ್ರಾಫಿಕ್ಕಿಗೆ ಶಾಪ ಹಾಕುತ್ತಾ ಬಂದು ಕೂತು ಗುಹೆ, ಕಾಡು, ಪಿಶಾಚಿಗಳ ಕಥೆ ಕಟ್ಟುವ ಆಟ ಶುರುಮಾಡುತ್ತಾನೆ. ಆ ಕಥೆಯೊಳಗೆ ಭೀಮರಾಜನದೊಂದು ಪಾತ್ರ, ಹೆಂಡತಿ ಸಂಯುಕ್ತಾಳದೊಂದು ಪಾತ್ರ. ಕತ್ತಿ ಬೀಸಲಿ, ಬಾಗಿಲು ಒದೆಯಲಿ, ದಾಳ ಉರುಳಿಸಲೇಬೇಕು. ಆಮೇಲೆ ಏನಾಯಿತು ಅನ್ನೋದನ್ನು ಇಟ್ಟಿಗೆ ದಪ್ಪದ ರೂಲ್ಸ್ ಬುಕ್ಕು ಹೇಳುತ್ತೆ.

ಭೀಮರಾಜನದು ಯೋಧನ ಕ್ಲಾಸು (ಪಾತ್ರದ ಕಸುಬಿಗೆ ಆಟದಲ್ಲಿ ಹಾಗಂತಾರೆ), ನಾಮಧೇಯ ರಣಧೀರ. ಸಂಯುಕ್ತಾಳದು ಮಾಂತ್ರಿಕೆಯ ಕ್ಲಾಸು. ಬುಕ್ಕೋ, ಅವನ ಕಾಲೇಜು ದಿನಗಳ ಹಳೇ ಎಡಿಷನ್ನು. ಅದರ ಪ್ರಕಾರ ಸಾಯೋದು ಬಲು ಸುಲಭ; ಒಬ್ಬ ಸತ್ತರೆ ಅದೇ ಹೆಸರಿನ ಇನ್ನೊಬ್ಬನನ್ನು ಇಳಿಸಬೇಕು. ಮೊದಲನೇ ರಣಧೀರ ಬಾವಿಗೆ ಬಿದ್ದ. ಎರಡನೆಯವನಿಗೆ ಚೇಳು ಕಚ್ಚಿತು. ಮೂರನೆಯವನು ಮುಚ್ಚಿದ ಬಾಗಿಲಿಗೆ ಕಿವಿಗೊಟ್ಟು ಸತ್ತ (ಬಾಗಿಲಲ್ಲಿ ವಿಷದ ಹುಳ ಇತ್ತಂತೆ, ಕರ್ಮ!). ದಿವಾನದ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿರುತ್ತಿದ್ದ ಅವನ ತಾಯಿ ಸೊಣ್ಣಮ್ಮ ಪ್ರತಿ ಸಲವೂ ತಲೆಯೆತ್ತಿ, “ಇವ್ನೂ ಓದ್ನಾ?” ಅಂತ ಲೊಚಗುಟ್ಟುತ್ತಿದ್ದರು.

ಮಾಂತ್ರಿಕೆಯ ಪಾಡು ಬೇರೆ. ಹಳೇ ಎಡಿಷನ್ನಿನಲ್ಲಿ ಅವಳಿಗೆ ದಿನಕ್ಕೊಂದೇ ಮಂತ್ರ. ಅದನ್ನು ಬಿಟ್ಟಮೇಲೆ ಕಥೆಯಲ್ಲಿ ಮಾರನೇ ದಿನ ಬೆಳಗಾಗುವವರೆಗೆ ಕೈಕಟ್ಟಿ ಕೂರಬೇಕು. “ಹೆಂಗೂ ಖಾಲಿ ಕೂತಿದೀಯಲ್ಲ” ಅಂತ ಭೀಮರಾಜ ಒಂದು ದಿನ ಅಂದಿದ್ದೇ ಸರಿ, ಸಂಯುಕ್ತಾ ಮಂತ್ರ ಮುಗಿಸಿ ಎದ್ದು ಹೋಗಿ ಬೋಂಡಾ ಕರಿದು, ಟೀ ಸಮೇತ ತರುವುದು ಮನೆಯ ಪದ್ಧತಿಯಾಗಿ ಹೋಯಿತು. ಇದು ಯಾವ ಬುಕ್ಕಲ್ಲೂ ಇರಲಿಲ್ಲ, ಆದರೂ ಚಾಚೂ ತಪ್ಪದೆ ನಡೆಯುತ್ತಿತ್ತು.

ನಾಲ್ಕನೇ ರಣಧೀರನೂ ದೇವರ ಪಾದ ಸೇರಿದ ದಿನ ಭೀಮರಾಜ ಟೇಬಲ್ ಕುಟ್ಟಿದ.

“ಸಾಕು ಗುರು! ಹೊಸ ಎಡಿಷನ್ ತರಿಸ್ತೀನಿ. ಅದ್ರಲ್ಲಿ ಯೋಧ ಅಷ್ಟು ಸುಲಭಕ್ಕೆ ಸಾಯಲ್ಲ. ಏಟು ಬಿತ್ತಾ, ಒಂದ್ಗಂಟೆ ವಿಶ್ರಾಂತಿ ತಗೊಂಡ, ಮತ್ತೆ ರೆಡಿ!”

“ಬೇರೆ ಕ್ಲಾಸುಗಳದ್ದೂ ಬದಲಾಗಿದೆ ಮಗಾ, ಪೂರ್ತಿ ಓದು” ಅಂದ ಅಬ್ರಾರ್.

“ಯೋಧನ ಚಾಪ್ಟರ್ ಓದಿದೀನಿ, ಅಷ್ಟು ಸಾಕು.”

ಸಂಯುಕ್ತಾ ಮಾತ್ರ ಬುಕ್ಕು ಬಂದ ಮೇಲೆ ವಾರವಿಡೀ ಕುಕ್ಕರ್ ಸೀಟಿಗಳ ನಡುವೆ ಅದನ್ನೇ ಓದಿದಳು.

ಭಾನುವಾರ ಬಂತು. ಸುರಂಗದ ಆಚೆ ತುದಿಯಲ್ಲಿ, ಇಷ್ಟು ವರ್ಷ ಕಾದಿದ್ದಕ್ಕೆ, ಡ್ರ್ಯಾಗನ್ ಗುಟುರು ಹಾಕಿತು! ಭೀಮರಾಜನ ಕಣ್ಣು ಒದ್ದೆಯಾಯಿತು. ಮಧ್ಯದಲ್ಲಿ ಕಾವಲು ಪಿಶಾಚಿಗಳಿದ್ದವು. ಸಂಯುಕ್ತಾ ಬೆಂಕಿ ಮಂತ್ರ ಬಿಟ್ಟಳು, ಒಂದು ಪಿಶಾಚಿ ಭಸ್ಮವಾಯಿತು.

“ಸರಿ, ನಿನ್ದು ಆಯ್ತಲ್ಲ. ಬೋಂಡಾ…”

“ಎಲ್ಲಿ ಆಯ್ತು? ಹೊಸ ರೂಲು ಕಣ್ರೀ. ಈ ಸಣ್ಣ ಮಂತ್ರ ಎಷ್ಟ್ ಸಲ ಬೇಕಾದ್ರೂ ಬಿಡ್ಬಹುದು” ಅಂದವಳೇ ಇನ್ನೊಂದನ್ನು ಸುಟ್ಟಳು.

“ಹಂಗಾದ್ರೆ ಟೀ?”

“ಪುಟ ತೆಗೆದು ತೋರಿಸ್ಲಾ?”

ಅಬ್ರಾರ್ ಪುಟ ನೋಡಿ, “ಅತ್ತಿಗೆ ಹೇಳೋದು ಕರೆಕ್ಟು” ಅಂದ.

ಭೀಮರಾಜನಿಗೆ ರೋಷ ಬಂತು. ಉಳಿದ ಪಿಶಾಚಿಗಳ ಮೇಲೆ ಒಬ್ಬನೇ ನುಗ್ಗಿದ. ಅವನ್ನೆಲ್ಲ ಮುಗಿಸುವಷ್ಟರಲ್ಲಿ ರಣಧೀರ ಹಣ್ಣುಗಾಯಿ ನೀರುಗಾಯಿ ಆಗಿದ್ದ, ಆದರೆ ಜೀವ ಇತ್ತು. “ವಿಶ್ರಾಂತಿ!” ಅಂತ ಭೀಮರಾಜ ಠೀವಿಯಿಂದ ಘೋಷಿಸಿದ.

“ತಗೊಳ್ಳಿ. ನಾನು ಕಾವಲಿರ್ತೀನಿ. ಒಂದ್ಗಂಟೆ ಖಾಲಿ ಇರ್ತೀರಲ್ಲ, ಪಲ್ಯ ಮಾಡಿಟ್ಟಿದೀನಿ, ಕಡ್ಲೆಹಿಟ್ಟು ಡಬ್ಬೀಲಿದೆ” ಅಂದಳು ಸಂಯುಕ್ತಾ.

“ಅದು ಆಟದೊಳಗಿನ ವಿಶ್ರಾಂತಿ ಕಣೇ!”

“ಇಷ್ಟು ವರ್ಷ ನಾನು ಖಾಲಿ ಇದ್ದಿದ್ದೂ ಆಟದೊಳಗೇ ಅಲ್ವೇನ್ರೀ?”

ಭೀಮರಾಜ ಅಬ್ರಾರ್‌ನತ್ತ ನೋಡಿದ. ಅಬ್ರಾರ್ ಫ್ಯಾನಿನತ್ತ ನೋಡಿದ.

“ಡ್ರ್ಯಾಗನ್ ಬಂದ್ರೆ ಕೂಗ್ರಪ್ಪಾ!” ಅಂತ ಅಂಗಲಾಚಿ ಭೀಮರಾಜ ಅಡುಗೆಮನೆ ಪ್ರವೇಶಿಸಿದ. ಮೊದಲ ಬೋಂಡಾ ಒಡೆದು ಪಲ್ಯವೆಲ್ಲ ಎಣ್ಣೆಯಲ್ಲಿ ತೇಲಿತು. ಎರಡನೇದು ಅವನ ಕೈಗೇ ಎಣ್ಣೆ ಸಿಡಿಸಿತು. ಹೊಗೆ ತುಂಬಿತು ಅಂತ ಎಕ್ಸಾಸ್ಟ್ ಫ್ಯಾನ್ ಹಾಕಿದ. ಅಂತೂ ಇಂತೂ ಒಂದು ತಟ್ಟೆ ತುಂಬಿಸಿಕೊಂಡು ಆಚೆ ಬಂದರೆ, ಅಬ್ರಾರ್ ಕುರ್ಚಿ ಬಿಟ್ಟೆದ್ದು ಕುಣಿಯುತ್ತಿದ್ದ.

“ಸತ್ತೋಯ್ತು ಮಗಾ!”

“ಯಾರು? ರಣಧೀರನಾ?”

“ಡ್ರ್ಯಾಗನ್ನು! ರಣಧೀರ ಒಂದೇ ಏಟಿಗೆ ಕತ್ತು ತೆಗೆದ!”

ಭೀಮರಾಜನ ಕುರ್ಚಿಯಲ್ಲಿ ಸೊಣ್ಣಮ್ಮ ಕೂತಿದ್ದರು. ಅವನ ದಾಳ ಅವರ ಮುಷ್ಟಿಯಲ್ಲಿತ್ತು.

“ಎಷ್ಟ್ ಕೂಗಿದ್ವಿ ಗೊತ್ತಾ? ಫ್ಯಾನ್ ಸದ್ದಿಗೆ ನಿಮಗೆ ಕೇಳಿಸ್ಲೇ ಇಲ್ಲ” ಅಂದಳು ಸಂಯುಕ್ತಾ. “ಡ್ರ್ಯಾಗನ್ ಬೋಂಡಾಗೋಸ್ಕರ ಕಾಯುತ್ತಾ? ನಿಮ್ಮ ಬದಲು ಅತ್ತೇನೇ ದಾಳ ಹಾಕಿದ್ರು.”

ಭೀಮರಾಜ ತಟ್ಟೆ ಹಿಡಿದು ಹಾಗೇ ನಿಂತ. ಸೊಣ್ಣಮ್ಮ ಅದರಿಂದ ಒಂದು ಬೋಂಡಾ ಎತ್ತಿಕೊಂಡು ಕಚ್ಚಿ, “ಉಪ್ಪೇ ಇಲ್ವಲ್ಲೋ” ಅಂದರು. ಆಮೇಲೆ ಮಗನ ಮುಖ ನೋಡಿ ಕರುಣೆಯಿಂದ ಹೇಳಿದರು:

“ನಿನ್ ರಣಧೀರ ಬಾಳ ಒಳ್ಳೇ ಉಡ್ಗ ಕಣಪ್ಪಾ, ಯೇಳಿದ್ ಮಾತು ಕೇಳ್ತಾನೆ. ಇನ್ಮೇಕೆ ಅವ್ನ್ನ ನಾನೇ ನೋಡ್ಕೊಂತೀನಿ. ನೀನ್ ಓಗಿ ಟೀಗಿಡು.”