ಒಂದೂವರೆ ತೋಳಿನ ಅಂಗಿ

"ಈ ಕಾಲರನ್ನ ತಿರುಗಿಸಿ ಹೊಲಿಸಿದ್ರೆ ಯಾರಿಗೆ ತಾನೇ ಗೊತ್ತಾಗುತ್ತೆ?"

ಮೇಷ್ಟ್ರು ಇದನ್ನು ಯಾರನ್ನೂ ಕೇಳಿರಲಿಲ್ಲ. ತಮ್ಮ ನೀಲಿ ಅಂಗಿಯನ್ನು ಬೆಳಕಿಗೆ ಹಿಡಿದು, ಸವೆದು ಹಲ್ಲು ಕಿರಿಯುತ್ತಿದ್ದ ಕಾಲರನ್ನು ನೋಡಿ ತಮ್ಮಷ್ಟಕ್ಕೆ ಅಂದುಕೊಂಡಿದ್ದರು. ಗೋಡೆಗೆ ಕಿವಿ ಇರುತ್ತದೆ ಎನ್ನುವುದು ಗಾದೆ. ಅವರ ವಠಾರದ ಗೋಡೆಗಳಿಗೆ ಬಾಯಿಯೂ ಇತ್ತು.

ದೊಡ್ಡವರಿಗೆ ಇಂಗ್ಲಿಷ್ ಕಲಿಸುವ ಒಂದು ಸಂಸ್ಥೆಯಲ್ಲಿ ಅವರು ಹಂಗಾಮಿ ಮೇಷ್ಟ್ರು. ಅಂದು ಮಧ್ಯಾಹ್ನ ಪ್ರಿನ್ಸಿಪಾಲರು ತರಗತಿಯಲ್ಲಿ ಕೂತು ಪಾಠ ಕೇಳುವವರಿದ್ದರು. ಮೆಚ್ಚಿದರೆ ಕೆಲಸ ಖಾಯಂ, ಮೆಚ್ಚದಿದ್ದರೆ ಮನೆಯೇ ಖಾಯಂ. ಪಾಠವೋ, ಬದಲಾವಣೆಯ ಮಾತುಗಳು: ರಿವರ್ಸ್, ಕನ್ವರ್ಟ್, ಟ್ರಾನ್ಸ್‌ಫರ್, ಕ್ಯಾನ್ಸಲ್. ವಾರವಿಡೀ ಗಂಟಲು ಹರಿದುಕೊಂಡರೂ ಒಬ್ಬಾಕೆ ಹಾಲನ್ನು ಮೊಸರಿಗೆ ಟ್ರಾನ್ಸ್‌ಫರ್ ಮಾಡುತ್ತಿದ್ದಳು. ಹಿಂದಿನ ಬೆಂಚಿನ ಬೇಕರಿಯವನು ಸೋದರಮಾವನ ಮದುವೆಯನ್ನು ರಿವರ್ಸ್ ಮಾಡಿಬಿಟ್ಟಿದ್ದ.

ಮೇಷ್ಟ್ರು ಬೀದಿ ಕೊನೆಯ ಟೈಲರನ ಬಳಿ ಓಡಿದರು. "ಕಾಲರ್ ರಿವರ್ಸ್ ಮಾಡಿಕೊಡಪ್ಪ, ಮಧ್ಯಾಹ್ನಕ್ಕೆ ಬೇಕೇ ಬೇಕು."

ಟೈಲರ್ ಸಾಧು ಮನುಷ್ಯ. ಅವನಿಗೆ ಎರಡೇ ನೇಮ. ಗಿರಾಕಿಯ ಕಡೆಯವರು ಯಾರು ಬಂದು ಏನು ಹೇಳಿದರೂ ಇಲ್ಲ ಅನ್ನಬಾರದು. ಕತ್ತರಿಸಿದ ತುಂಡನ್ನು ಎಂದೂ ಎಸೆಯಬಾರದು.

ಕಾಲರು ತಿರುಗಿ ಕೂತಿತೋ ಇಲ್ಲವೋ, ಮೇಷ್ಟ್ರ ಭಾವಮೈದ ಬಂದ. "ಭಾವಂದು ಅಲ್ವಾ ಇದು? ಈ ಸೆಕೇಲಿ ಫುಲ್ ತೋಳು ಯಾಕೆ? ಹಾಫ್‌ಗೆ ಕನ್ವರ್ಟ್ ಮಾಡಿಬಿಡಿ."

ಕತ್ತರಿ ಬಲತೋಳನ್ನು ನುಂಗಿತು. ಎಡತೋಳಿಗೆ ಬಾಯಿ ಹಾಕುವಷ್ಟರಲ್ಲಿ ಮೇಷ್ಟ್ರ ಹೆಂಡತಿ ಬಾಗಿಲಲ್ಲಿ.

"ಅಯ್ಯೋ! ನನ್ನ ತಮ್ಮನ ಮಾತು ಕೇಳ್ಕೊಂಡು ಕತ್ತರಿ ಹಿಡಿದ್ರಾ? ಕ್ಯಾನ್ಸಲ್! ಇನ್ನೊಂದಿಂಚು ಕತ್ತರಿಸಕೂಡದು!"

ಟೈಲರ್ ಒಂದಿಂಚೂ ಕತ್ತರಿಸಲಿಲ್ಲ. ಎಡತೋಳು ಉಳಿಯಿತು. ಬಲತೋಳಿನ ಸುದ್ದಿಯನ್ನು ಆಕೆ ಎತ್ತಲಿಲ್ಲ, ಅವನೂ ಎತ್ತಲಿಲ್ಲ.

ಕೊನೆಗೆ ಪಕ್ಕದ ಮನೆಯ ನಿವೃತ್ತ ಕಂಡಕ್ಟರ್ ಬಂದರು. "ಪಾಠದ ನಡುವೆ ಚಾಕ್‌ಪೀಸಿಗೆ ಅಂತ ಎಡಗಡೆ ಜೇಬಿಗೆ ಕೈ ಹಾಕಿದ್ರೆ ಎದೆನೋವು ಬಂದ ಹಾಗೆ ಕಾಣುತ್ತಪ್ಪ. ಪ್ರಿನ್ಸಿಪಾಲರು ಗಾಬರಿಯಾಗ್ತಾರೆ. ಜೇಬನ್ನ ಬಲಕ್ಕೆ ಟ್ರಾನ್ಸ್‌ಫರ್ ಮಾಡು."

ಮಾಡಿದ.

ಮೇಷ್ಟ್ರು ಬಂದು ಅಂಗಿ ಬಿಡಿಸಿ ನೋಡಿದರು. ಒಂದು ತೋಳು ಕೆಲಸಕ್ಕೆ, ಒಂದು ತೋಳು ಸ್ನಾನಕ್ಕೆ ಹೊರಟಂತಿತ್ತು. ಮೈಯೆಲ್ಲ ಮಾಸಿದ ನೀಲಿ. ಬಿಸಿಲನ್ನೇ ಕಾಣದ ಕಾಲರಿನ ಒಳಮೈ ಮಾತ್ರ ನವಿಲಿನ ಕತ್ತಿನಂತೆ ಮಿರಮಿರ. ಉಳಿದ ಅಂಗಿಗಳೆಲ್ಲ ಬಕೆಟ್ಟಿನಲ್ಲಿ ನೆನೆಯುತ್ತಿದ್ದವು. ವೇಳೆಯಾಗಿತ್ತು. ಹಣೆಬರಹ ಎಂದು ತೊಟ್ಟುಕೊಂಡು ಓಡಿದರು.

ತರಗತಿ ಹುರಿಯುವ ಕಡಲೆಯಂತೆ ನಗೆಯಲ್ಲಿ ಸಿಡಿಯಿತು. ಪ್ರಿನ್ಸಿಪಾಲರು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

"ಸಾರ್, ಬಲತೋಳಿಗೆ ಏನಾಯ್ತು?" ಹಾಲು ಮೊಸರಿನಾಕೆ ಕೇಳಿದಳು.

ಮೇಷ್ಟ್ರಿಗೆ ಇನ್ನು ಕಳೆದುಕೊಳ್ಳುವುದೇನಿತ್ತು? "ಫುಲ್ ಇದ್ದದ್ದು ಹಾಫ್‌ಗೆ ಕನ್ವರ್ಟ್ ಆಯ್ತಮ್ಮ."

"ಎಡದ್ದು?"

"ಕತ್ತರಿಸೋದು ಕ್ಯಾನ್ಸಲ್ ಆಯ್ತು."

"ಜೇಬು?"

"ಇಲ್ಲಿಂದ ಇಲ್ಲಿಗೆ ಟ್ರಾನ್ಸ್‌ಫರ್. ಕಾಲರ್ ರಿವರ್ಸ್. ಸಾಕಾ?"

ಬೇಕರಿಯವನು ದಿಗ್ಗನೆ ಎದ್ದ. "ಹಾಗಾದ್ರೆ ಸಾರ್, ನಮ್ಮ ಮಾವನ ಮದುವೆ ನಿಂತು ಹೋಗಿದ್ದು ಕ್ಯಾನ್ಸಲ್! ರಿವರ್ಸ್ ಅಲ್ಲ!"

"ಹಾಲು ಮೊಸರಿಗೆ ಕನ್ವರ್ಟ್! ಪಾತ್ರೆಯಿಂದ ಪಾತ್ರೆಗೆ ಸುರಿದ್ರೆ ಟ್ರಾನ್ಸ್‌ಫರ್!" ಎಂದಳಾಕೆ.

ಒಬ್ಬರ ಬಾಯಿಂದ ಒಬ್ಬರು ಕಸಿದುಕೊಂಡು ಹೇಳತೊಡಗಿದರು. ಪ್ರಿನ್ಸಿಪಾಲರು ಮೇಜು ಗುದ್ದಿದರು. "ಭಲೇ ಮೇಷ್ಟ್ರೇ! ಮೈಮೇಲೇ ಪಾಠ ಹೊಲಿಸ್ಕೊಂಡು ಬಂದಿದ್ದೀರಿ! ನಾಳೆ ಬೆಳಿಗ್ಗೆ ಆಡಳಿತ ಮಂಡಳಿಯವರನ್ನ ಕರೆತರ್ತೀನಿ. ಇದೇ ಪಾಠ, ಇದೇ ಅಂಗಿ. ಅವರು ನೋಡಿದ ತಕ್ಷಣ ಕೆಲಸ ಖಾಯಂ. ಅಂಗಿ ಮಾತ್ರ ಮರೀಬೇಡಿ, ಅದಿಲ್ದೆ ನಿಮ್ಮ ಪಾಠ ನನಗೆ ಗೊತ್ತಿರೋದೇ!"

ಮೇಷ್ಟ್ರು ಮನೆಗೆ ತೇಲುತ್ತ ಬಂದರು. ಅಂಗಿಯನ್ನು ದೇವರ ವಸ್ತ್ರದಂತೆ ಮೊಳೆಗೆ ತೂಗುಹಾಕಿ, ಯಾರಿಗೂ ಏನೂ ಹೇಳದೆ ಸ್ನಾನಕ್ಕೆ ಹೋದರು. ಮಂಡಳಿಯವರ ಮುಂದೆ ಆಡಬೇಕಾದ ಮಾತುಗಳನ್ನು ಪದ್ಯದಂತೆ ರಾಗವಾಗಿ ಹೇಳಿಕೊಳ್ಳುತ್ತ, ಬಿಸಿನೀರು ತಣ್ಣಗಾಗುವವರೆಗೂ ಮಿಂದರು. ಆಮೇಲೆ ಹಾಗೇ ಒಂದು ನಿದ್ದೆ ತೆಗೆದರು.

ಎದ್ದಾಗ ಹೆಂಡತಿ, ಭಾವಮೈದ, ಕಂಡಕ್ಟರ್ ಮೂವರೂ ಅಪರಾಧಿಗಳಂತೆ ಎದುರಿಗೆ ನಿಂತಿದ್ದರು. ಹೆಂಡತಿಯ ಕೈಯಲ್ಲಿ ಇಸ್ತ್ರಿ ಮಾಡಿದ ಅಂಗಿ. ಎರಡು ತೋಳೂ ಉದ್ದ, ಜೇಬು ಎಡಕ್ಕೆ, ಕಾಲರು ಮತ್ತೆ ಮಾಸಲು.

"ನಿಮ್ಮ ಮಾನ ಕಳೆದ್ವಲ್ಲ ಅಂತ ಹೊಟ್ಟೆ ಉರಿದುಹೋಯ್ತು ಕಣ್ರೀ," ಎಂದರು ಆಕೆ ಕಣ್ಣೊರೆಸಿಕೊಂಡು. "ಟೈಲರಿಗೆ ಮೂರು ಜನಾನೂ ಸೇರಿ ಛೀಮಾರಿ ಹಾಕಿದ್ವಿ. ಪುಣ್ಯಾತ್ಮ ತುಂಡು ಎಸೆದಿರಲಿಲ್ಲ. ಗುರುತೇ ಸಿಗದ ಹಾಗೆ ಕೂಡಿಸಿಕೊಟ್ಟ."

"ಕಾಲರನ್ನೂ ಮೊದಲಿನಂತೆ ತಿರುಗಿಸಿ, ಹರಿದ ಕಡೆ ಎಳೆ ಹಾಕಿಸಿದ್ದೀನಿ ಭಾವ," ಎಂದ ಭಾವಮೈದ.

ಮೇಷ್ಟ್ರು ಅಂಗಿ ಕಿತ್ತುಕೊಂಡು ಉಟ್ಟ ಪಂಚೆಯಲ್ಲೇ ಬೀದಿಗಿಳಿದರು. ಟೈಲರ್ ಬಾಗಿಲು ಎಳೆಯುತ್ತಿದ್ದ.

"ಇದನ್ನ ಮಧ್ಯಾಹ್ನ ಇದ್ದ ಹಾಗೇ ಕೆಡಿಸಿಕೊಡಪ್ಪ! ಬಲತೋಳು ಕತ್ತರಿಸು, ಜೇಬು ಕೀಳು, ಕಾಲರ್ ತಿರುಗಿಸು! ನನ್ನ ಅನ್ನ ಇರೋದು ಇದ್ರಲ್ಲೇ!"

ಟೈಲರ್ ಕತ್ತರಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

"ಹುಟ್ಟಿದಾಗಿಂದ ಯಾರಿಗೂ ಇಲ್ಲ ಅಂದವನಲ್ಲ ಮೇಷ್ಟ್ರೇ. ಇವತ್ತು ನಿಮ್ಮ ಮನೆಯವರು ಬೈದ ಮೇಲೆ ಬುದ್ಧಿ ಬಂತು. ಒಬ್ಬರು ಹೊಲಿಸಿದ್ದನ್ನ ಇನ್ನೊಬ್ಬರ ಮಾತು ಕೇಳಿ ಬದಲಾಯಿಸೋದು ಬಿಟ್ಟುಬಿಟ್ಟೆ."

"ಅಯ್ಯಾ, ಇದು ನನ್ನದೇ ಅಂಗಿ ಕಣೋ!"

"ಇರಬಹುದು," ಎಂದ ಟೈಲರ್. "ಆಗಲ್ಲ."