ಬ್ಯಾಕ್ಟೀರಿಯಾಗಳ ಯಜಮಾನರು

ರಾಮಚಂದ್ರಪ್ಪನವರಿಗೆ ಹೆಂಡತಿಯ ಮೇಲಿದ್ದ ದೂರು ಒಂದೇ: ಗಂಗರತ್ನಮ್ಮನಿಗೆ ಶುಚಿ ಹೆಚ್ಚು. ಆಕೆ ಫಿನಾಯಿಲ್ ಬಾಟಲಿ ಹಿಡಿದರೆ ಉರಿಗಾಂನಲ್ಲಿದ್ದ ಅವರ ಮನೆಯ ಜಿರಳೆಗಳಷ್ಟೇ ಅಲ್ಲ, ಬಂದ ನೆಂಟರೂ ಮೂಗು ಮುಚ್ಚಿಕೊಂಡು ಓಡುತ್ತಿದ್ದರು. ಇಷ್ಟು ವರ್ಷ ಸಹಿಸಿಕೊಂಡಿದ್ದವರಿಗೆ ಈಗ ಮಾತ್ರ ಭಯ ಹಿಡಿದಿತ್ತು.

ಕಾರಣವಿತ್ತು. ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಅವರು ಕಾಮಸಮುದ್ರದ ಹತ್ತಿರದ ತಮ್ಮ ಹೊಲದಲ್ಲಿ ಪ್ರವಾಸಿಗರಿಗೆಂದು ಎರಡು ಕೋಣೆ ಕಟ್ಟಿಸಿದ್ದರು. ಹೊಲದ ಕೆಳಗಿನ ಕುಂಟೆಗೆ ಬೆಳಗಿನ ಹೊತ್ತು ಕೃಷ್ಣಮೃಗಗಳು ನೀರಿಗೆ ಬರುತ್ತವೆ. ಚಿಕ್ಕಂದಿನಲ್ಲಿ ಹಿಂಡುಹಿಂಡಾಗಿ ಕಂಡವು ಈಗ ಬೆರಳೆಣಿಕೆಗೆ ಇಳಿದದ್ದು ಅವರಿಗೆ ನಿಜವಾದ ಸಂಕಟ. ನೋಡಲು ಜನ ಬಂದರೆ ಊರವರೂ ಅವನ್ನು ಕಾಯುತ್ತಾರೆ ಎಂದು ಅವರ ನಂಬಿಕೆ. ಆದರೆ ಬಂದವರ ಕಕ್ಕಸಿನ ನೀರು ಇಂಗಿ ಅದೇ ಕುಂಟೆಗೆ ಸೇರಿದರೆ? ಅದಕ್ಕೇ ಬೆಂಗಳೂರಿನ ಪ್ರಯೋಗಾಲಯವೊಂದರಿಂದ ಮಧುಶ್ರೀ ಎಂಬ ಹುಡುಗಿ ಬಂದು ಜೈವಿಕ ಶೌಚಾಲಯ ಕೂರಿಸಿ, ಕೊಳೆ ತಿಂದು ನೀರನ್ನು ತಿಳಿ ಮಾಡುವ ಬ್ಯಾಕ್ಟೀರಿಯಾಗಳನ್ನು ತೊಟ್ಟಿಯೊಳಗೆ ಬಿಟ್ಟು ಹೋಗಿದ್ದಳು.

"ಫಿನಾಯಿಲ್ ಹಾಕಿದರೆ ಇವು ಸಾಯುತ್ತವೆ ಅಂಕಲ್. ದಿನಾ ಯಾರಾದರೂ ಉಪಯೋಗಿಸಬೇಕು, ಇಲ್ಲದಿದ್ದರೆ ಉಪವಾಸ ಬೀಳುತ್ತವೆ. ನಾನು ಪರೀಕ್ಷೆ ಮಾಡಿ ಒಪ್ಪಿದ ಮೇಲೇ ಅತಿಥಿಗಳು."

ಅಂದಿನಿಂದ ರಾಮಚಂದ್ರಪ್ಪನವರು ವನ್ಯಜೀವಿ ಸಂರಕ್ಷಣೆಗಾಗಿ ಹೊಲದಲ್ಲೇ ಒಬ್ಬರೇ ಬಿಡಾರ ಹೂಡಿದರು. (ಈ ಮಹಾಸೇವೆಯನ್ನು ಅವರು ಬೆಳಿಗ್ಗೆ ಸಲ್ಲಿಸುತ್ತಿದ್ದರು, ಕೆಲವೊಮ್ಮೆ ಸಂಜೆಯೂ.) ಹೆಂಡತಿ ಬಸ್ಸಿನಲ್ಲಿ ಬುತ್ತಿ ತಂದರೆ ಗೇಟಿನಲ್ಲೇ ಚೀಲದ ತಪಾಸಣೆ.

"ಫಿನಾಯಿಲ್ ಇಲ್ಲ ಕಣ್ರೀ, ಮುದ್ದೆ ಐತೆ," ಎನ್ನುತ್ತಿದ್ದರು ಗಂಗರತ್ನಮ್ಮ.

"ಅವು ಸೂಕ್ಷ್ಮಜೀವಿಗಳು ರತ್ನಾ. ನಿನ್ ನೆರಳು ಬಿದ್ರೂ ನಡುಗ್ತವೆ."

"ಮದ್ವೆಯಾದಾಗ್ಲಿಂದ ನಂದು ಊಟ ಆಯ್ತಾ ಅಂತ ಒಂದ್ ದಿನ ಕೇಳ್ದೋರಲ್ಲ. ಆ ಗುಂಡಿಯೊಳಗಿನವು ಉಪಾಸ ಇರ್ತವೆ ಅಂತ ಇಲ್ಲೇ ಬಂದು ಕುಂತಿದೀರ."

ರಾಮಚಂದ್ರಪ್ಪನವರು ಬುತ್ತಿಯ ಗಂಟು ಬಿಚ್ಚಿದರು. ಹಲ್ಲು ನೋವಿನಿಂದ ಅವರ ಕೆನ್ನೆ ಊದಿಕೊಂಡಿತ್ತು. ಬಂಗಾರಪೇಟೆಯ ಡಾಕ್ಟರು ಕೊಟ್ಟಿದ್ದ ಮಾತ್ರೆಯನ್ನು ಆಕೆಯೇ ಬಿಡಿಸಿ ಕೈಗಿಟ್ಟರು.

ಮುಂದಿನ ವಾರ ಮಧುಶ್ರೀ ಪರೀಕ್ಷೆಗೆ ಬಂದಾಗ ತೊಟ್ಟಿಯ ನಾತ ಗೇಟಿನವರೆಗೂ ಬಂದು ಅವಳನ್ನು ಎದುರುಗೊಂಡಿತು.

"ಇವ್ಳೇ," ಎಂದರು ರಾಮಚಂದ್ರಪ್ಪ, ಬುತ್ತಿ ತಂದಿದ್ದ ಹೆಂಡತಿಯತ್ತ ಕೈ ತೋರಿಸಿ. "ನಾನು ಅತ್ಲಾಗ್ ಓಗಿದ್ದಾಗ ಫಿನಾಯಿಲ್ ಸುರಿದವ್ಳೆ. ಜಿಂಕೆಗಳ ಬಾಯಿಗೆ ಮಣ್ ಆಕ್ಬಿಟ್ಳು."

ಗಂಗರತ್ನಮ್ಮ ಜಗಳವಾಡಲಿಲ್ಲ. "ಆ ಬಾಗ್ಲು ನಾನು ಮುಟ್ಟಿಲ್ಲ ಕಣಮ್ಮ," ಎಂದಷ್ಟೇ ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಕೆಗೆ ತುಂಬ ನೋವಾಗಿತ್ತು.

ಮಧುಶ್ರೀ ತೊಟ್ಟಿಯ ನೀರು ತೆಗೆದು ಜೊತೆಗೆ ತಂದಿದ್ದ ಸಲಕರಣೆಗಳಲ್ಲಿ ಪರೀಕ್ಷಿಸಿದಳು. ಫಿನಾಯಿಲ್‌ನ ಸುಳಿವಿರಲಿಲ್ಲ. ಬ್ಯಾಕ್ಟೀರಿಯಾಗಳು ಮಾತ್ರ ಮುಕ್ಕಾಲು ಪಾಲು ಸತ್ತಿದ್ದವು. ಆಮೇಲೆ ಅವಳ ಕಣ್ಣು ಯಜಮಾನರ ಕೆನ್ನೆಯ ಮೇಲೆ ನಿಂತಿತು.

"ಅಂಕಲ್, ಹಲ್ಲಿಗೆ ಏನು ಮಾತ್ರೆ ತಗೋತಿದೀರ?"

ತೋರಿಸಿದರು.

"ಇದು ಆಂಟಿಬಯಾಟಿಕ್. ಬ್ಯಾಕ್ಟೀರಿಯಾ ಕೊಲ್ಲೋದೇ ಇದರ ಕೆಲಸ. ನಿಮ್ಮ ಹೊಟ್ಟೆಯಿಂದ ದಿನಾ ನೇರ ತೊಟ್ಟಿಗೆ ಬಂದಿದೆ. ಬೇರೆ ಯಾರನ್ನೂ ನೀವು ಒಳಗೆ ಬಿಟ್ಟಿಲ್ವಲ್ಲ."

ಭೂಮಿ ಬಾಯ್ಬಿಟ್ಟು ತಮ್ಮನ್ನು ನುಂಗಬಾರದೇ ಎಂದುಕೊಂಡರು ರಾಮಚಂದ್ರಪ್ಪ. (ಬಾಯ್ಬಿಟ್ಟಿದ್ದರೂ ಕೆಳಗಿದ್ದದ್ದು ಅದೇ ತೊಟ್ಟಿ.)

ತೀರ್ಪು ನಿಂತ ಕಾಲಲ್ಲೇ ಆಯಿತು. ತೊಟ್ಟಿಗೆ ಹೊಸ ಬ್ಯಾಕ್ಟೀರಿಯಾ ಬಿಡುವುದು, ಹೊಲದಲ್ಲಿ ಗಂಗರತ್ನಮ್ಮ ಉಳಿಯುವುದು, ಮಾತ್ರೆಯ ಪ್ರಭಾವ ಪೂರ್ತಿ ಇಳಿಯುವವರೆಗೆ ಯಜಮಾನರು ಉರಿಗಾಂ ಬಿಟ್ಟು ಕದಲಕೂಡದು.

"ತಪ್ಪಾಯ್ತು ರತ್ನಾ," ಎಂದರು ಅವರು, ಊದಿದ ಕೆನ್ನೆಯೊಳಗಿಂದ.

"ಆಯ್ತು ಬಿಡಿ. ಮುದ್ದೆ ತೊಳಸಕ್ಕೆ ಬತ್ತದಾ ನಿಮ್ಗೆ?"

ಬರುತ್ತಿರಲಿಲ್ಲ. ಕೆಲವು ದಿನ ಕಳೆದು ಮಧುಶ್ರೀ ಒಪ್ಪಿಗೆ ಕೊಟ್ಟು ಮೊದಲ ಅತಿಥಿಗಳು ಬಂದ ಬೆಳಿಗ್ಗೆ, ಅವರು ಉರಿಗಾಂ ಮನೆಯಲ್ಲಿ ಗಂಟುಗಟ್ಟಿದ ಮುದ್ದೆಯ ಮುಂದೆ ಕೂತಿದ್ದಾಗ ಫೋನು ಬಂತು. ಗಂಗರತ್ನಮ್ಮ ಪಿಸುದನಿಯಲ್ಲಿ ಮಾತಾಡುತ್ತಿದ್ದರು.

"ಜಿಂಕೆಗಳು ಬಂದವೆ ಕಣ್ರೀ. ಎರಡು ಮರೀನೂ ಅವೆ. ಬಂದಿರೋ ಜನ ಉಸ್ರು ಬಿಡ್ದಂಗೆ ನೋಡ್ತಾವ್ರೆ."

ರಾಮಚಂದ್ರಪ್ಪನವರ ಕಣ್ಣು ತುಂಬಿತು. ತಾವು ಅಲ್ಲಿಲ್ಲವಲ್ಲ ಎಂಬ ದುಃಖ ಒಂದು ಕಡೆ, ಕುಂಟೆಯ ನೀರು ಉಳಿಯಿತಲ್ಲ ಎಂಬ ಸಂತೋಷ ಇನ್ನೊಂದು ಕಡೆ. ಮುದ್ದೆಯ ತಟ್ಟೆ ಪಕ್ಕಕ್ಕೆ ಸರಿಸಿ ಕೇಳಿದರು.

"ರತ್ನಾ, ವಾಸ್ನೆ?"

"ನೀವು ಬಸ್ ಅತ್ತಿದ್ ದಿನದಿಂದ್ಲೇ ಕಮ್ಮಿಯಾಯ್ತು," ಎಂದರು ಗಂಗರತ್ನಮ್ಮ.