ಎಷ್ಟು ವಿಸಿಲ್ ಆಯ್ತು ಮಾರಾಯ್ತಿ?

ನಗಬಾರದ ಜಾಗದಲ್ಲೇ ನಗು ತರಿಸುವ ಕೆಲಸವನ್ನು ದೇವರು ನಮ್ಮ ಸಭೆಗೆ ವಹಿಸಿಕೊಟ್ಟಿರಬೇಕು. ಇಷ್ಟು ವರ್ಷಗಳಲ್ಲಿ ಒಂದು ಆರಾಧನೆಯಾದರೂ ನೆಟ್ಟಗೆ ಮುಗಿದದ್ದು ನನಗೆ ನೆನಪಿಲ್ಲ.

ನಾನು ದೋಹಾದಲ್ಲಿ ಏಸಿ ರಿಪೇರಿ ಕಂಪನಿಯೊಂದರ ಸ್ಟೋರ್ ಕೀಪರ್. ಇಲ್ಲಿನ ರಜಾದಿನವಾದ ಶುಕ್ರವಾರ ಮಾತ್ರ ನಮ್ಮ ಪುಟ್ಟ ಕನ್ನಡ ಸಭೆಯ ಕಾರ್ಯದರ್ಶಿ. ಮಂಗಳೂರು, ಉಡುಪಿ ಕಡೆಯ ಪ್ರೊಟೆಸ್ಟೆಂಟ್ ಕುಟುಂಬಗಳು ಸೇರಿ ಮಾಡಿಕೊಂಡ, ಬಿಷಪರ ಅಧೀನದಲ್ಲಿರುವ ಸಭೆ. ಸ್ವಂತ ಕಟ್ಟಡವಿಲ್ಲ. ಹಲವು ಸಭೆಗಳು ಹಂಚಿಕೊಂಡ ಒಂದು ಹಾಲ್‌ನಲ್ಲಿ ಮಲಯಾಳಿಗಳು ಎದ್ದ ಮೇಲೆ, ಫಿಲಿಪಿನೋಗಳು ಕೂರುವ ಮೊದಲು, ನಡುವಿನ ಹೊತ್ತು ನಮ್ಮದು.

ಅಕ್ಟೋಬರ್ ಬಂದು ಸೆಕೆ ಇಳಿದರೆ ಊರಿಗೆಲ್ಲ ಖುಷಿ, ನಾನು ಮಾತ್ರ ಸಭೆಯ ಹೆಸರುಪಟ್ಟಿ ತೆಗೆದು ಕೂರುತ್ತೇನೆ. ಕಂಪನಿಗಳು ಬರುವ ವರ್ಷಕ್ಕೆ ಯಾರು ಬೇಕು, ಯಾರು ಬೇಡ ಎಂದು ತೀರ್ಮಾನಿಸುವುದು ಆಗಲೇ. ಇಲ್ಲಿನ ಮರಗಳು ಎಲೆ ಉದುರಿಸುವುದನ್ನು ನಾನು ನೋಡಿಲ್ಲ. ನಮ್ಮ ಬೆಂಚುಗಳು ಜನ ಉದುರಿಸುವುದನ್ನು ಮಾತ್ರ ಪ್ರತಿವರ್ಷ ನೋಡಿದ್ದೇನೆ. ಒಂದು ಕಾಲದಲ್ಲಿ ಗೋಡೆಗೆ ಒರಗಿ ನಿಲ್ಲುತ್ತಿದ್ದರು. ಈಗ ಒಬ್ಬೊಬ್ಬರು ಒಂದೊಂದು ಬೆಂಚು ಹಿಡಿದು, ತುಂಬಿದ ಹಾಗೆ ಕಾಣಿಸುತ್ತೇವೆ. ಯಾರಿಗೆ ಮೋಸ ಮಾಡಲಿಕ್ಕೋ, ದೇವರಿಗಂತೂ ಗೊತ್ತೇ ಇದೆ.

ಬಸಳೆ ಏಲಂ

ಬೆಳೆ ಹಬ್ಬದ ದಿನ ಊರಿನಲ್ಲಿ ಮೊದಲ ಬೆಳೆ ತಂದು ಚರ್ಚಿನಲ್ಲಿ ಏಲಂ ಹಾಕುವುದು ವಾಡಿಕೆ. ಇಲ್ಲಿ ನಮಗೆ ಹೊಲವೆಲ್ಲಿ? ಹೈಪರ್ ಮಾರ್ಕೆಟಿನ ಸ್ಟಿಕ್ಕರ್ ಕೂಡ ಕೀಳದ ಸೇಬು ತಂದು ಇಡುತ್ತೇವೆ. ಕೈಯಾರೆ ಬೆಳೆದದ್ದು ಎಂದರೆ ನಮ್ಮ ಮನೆಯ ಬಸಳೆ ಒಂದೇ. ಬಿನ್ ಒಮ್ರಾನ್ ಬಡಾವಣೆಯ ನಮ್ಮ ಫ್ಲಾಟಿನ ಬಾಲ್ಕನಿಯಲ್ಲಿ, ಪೇಂಟಿನ ಬಕೆಟ್ಟಿನಲ್ಲಿ ಹೆಂಡತಿ ಹಬ್ಬಿಸಿದ್ದು. ಬೇಸಿಗೆಯಿಡೀ ನೀರು ಹೊತ್ತವನು ನಾನು.

ಹೋದ ವರ್ಷ, ಆರಾಧನೆ ನಡೆಸಿಕೊಡುವ ಸಭೆಯ ಹಿರಿಯರೊಬ್ಬರು ಆ ಬಸಳೆ ಕಟ್ಟನ್ನು ಎತ್ತಿ ಹಿಡಿದು ಏಲಂ ಕೂಗಿದರು. ಹಾಲ್ ಗಪ್‌ಚುಪ್. ನಾನು ಹಿಂದೆ ಬಾಗಿಲ ಹತ್ತಿರ, ಹೆಂಡತಿ ಮುಂದೆ ಕಂಬದ ಆಚೆ. ನಮ್ಮ ಬಸಳೆಗೆ ಕೇಳುವವರೇ ಇಲ್ಲವಲ್ಲ ಎಂದು ನನ್ನ ಮಾನ ಹೋದಂತಾಗಿ ನಾನೇ ಒಂದು ಬೆಲೆ ಕೂಗಿದೆ. ಕಂಬದ ಆಚೆಯಿಂದ ಯಾವುದೋ ಹೆಂಗಸು ಇನ್ನೂ ಹೆಚ್ಚು ಕೂಗಿದಳು. ನನಗೆ ಹುಮ್ಮಸ್ಸು ಬಂತು, ಏರಿಸಿದೆ. ಅವಳೂ ಏರಿಸಿದಳು. ನಡುವೆ ನಿಂತ ಹಿರಿಯರಿಗೆ ಇಬ್ಬರೂ ಚೆನ್ನಾಗಿ ಕಾಣುತ್ತಿದ್ದೆವು. ಸಭೆಗೆ ಬರುವ ಆದಾಯಕ್ಕೆ ಅಡ್ಡ ಬರಬಾರದೆಂದು ಅವರು ಬಾಯಿ ಬಿಡಲಿಲ್ಲ.

ಬಸಳೆ ನನಗೇ ಬಿತ್ತು. ಗೆದ್ದ ವೀರನ ಹಾಗೆ ಮುಂದೆ ಹೋಗಿ ನೋಡಿದರೆ, ಕಂಬದ ಆಚೆ ನಿಂತು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದವಳು ನನ್ನ ಹೆಂಡತಿ.

“ಮದುವೆಯಾಗಿ ಇಷ್ಟು ವರ್ಷ ಆಯ್ತು, ನನ್ನ ಸ್ವರ ಗುರುತಾಗ್ಲಿಲ್ವಾ ನಿನಗೆ?” ಎಂದೆ.

“ನೀವು ಯಾವತ್ತಾದ್ರೂ ಬೆಲೆ ಏರಿಸಿ ಮಾತಾಡಿದ್ದುಂಟಾ? ಹೇಗೆ ಗುರುತಾಗುದು!” ಎಂದಳು.

ರಿಮೋಟ್ ಮೇಣದಬತ್ತಿ

ನವೆಂಬರ್ ಮೊದಲ ವಾರ ನಾವು ತೀರಿಹೋದವರನ್ನು ನೆನೆಯುವ ಆರಾಧನೆ. ಮನೆಗೊಂದರಂತೆ ಮೇಣದಬತ್ತಿ ಹಚ್ಚುತ್ತೇವೆ. ಹಾಲಿನಲ್ಲಿ ಬೆಂಕಿ ಹೊತ್ತಿಸುವಂತಿಲ್ಲ ಎಂದು ವಾಚ್‌ಮನ್ ಖಡಾಖಂಡಿತವಾಗಿ ಹೇಳಿದ ಮೇಲೆ, ಬ್ಯಾಟರಿಯ ಮೇಣದಬತ್ತಿ ತಂದೆ. ಅದರೊಟ್ಟಿಗೆ ಒಂದು ರಿಮೋಟ್ ಪುಕ್ಕಟೆ.

ಆಸ್ಪತ್ರೆಯ ಡ್ಯೂಟಿಗೆ ಓಡಬೇಕಿದ್ದ ಒಬ್ಬ ನರ್ಸಮ್ಮ, ತನ್ನ ಅತ್ತೆಯ ಬತ್ತಿಯನ್ನು ಮೆಲ್ಲಗೆ ಆರಿಸಿ ಹೋಗೋಣವೆಂದು ರಿಮೋಟ್ ಒತ್ತಿದರು. ಹಿರಿಯರು ಅದೇ ಕ್ಷಣ ಕಣ್ಣು ಮುಚ್ಚಿ, “ಇವರ ಬೆಳಕು ನಮ್ಮ ನಡುವೆ ಎಂದಿಗೂ ಆರದಿರಲಿ” ಎನ್ನುತ್ತಿದ್ದರು. ಸಭೆಯ ಸತ್ತವರೆಲ್ಲ ಒಟ್ಟಿಗೆ ಆರಿದರು.

ಗಾಬರಿಯಲ್ಲಿ ಆಕೆ ಇನ್ನೊಂದು ಗುಂಡಿ ಒತ್ತಿದರು. ಬತ್ತಿಗಳು ಮತ್ತೆ ಹೊತ್ತಿದವು, ಆದರೆ ಕೆಂಪು, ಹಸಿರು, ನೀಲಿಯಾಗಿ ಝಗಝಗನೆ ಕುಣಿಯುತ್ತ. ನಾನು ರಿಮೋಟ್ ಕಸಿದುಕೊಳ್ಳಲು ಓಡಿದೆ. ಹಿರಿಯರು ಕಣ್ಣು ಬಿಟ್ಟು ತಮ್ಮ ಅಣ್ಣನ ಬತ್ತಿಯನ್ನು ಒಂದು ಗಳಿಗೆ ನೋಡಿ, ನನ್ನ ಕೈ ಹಿಡಿದು ನಿಲ್ಲಿಸಿದರು.

“ಇರ್ಲಿ ಬಿಡಿ. ಅವ ಬದುಕಿದ್ದದ್ದೂ ಹೀಗೇ.”

ಪೆನ್ ಡ್ರೈವಿನೊಳಗಿನ ಮಾಸ್ಟ್ರು

ನಮಗೊಬ್ಬರು ಕೀಬೋರ್ಡ್ ಮಾಸ್ಟ್ರು ಇದ್ದರು. ವಾರವೆಲ್ಲ ಟೈಲ್ಸ್ ಅಂಗಡಿಯಲ್ಲಿ ಬಿಲ್ ಬರೆದು, ಶುಕ್ರವಾರ ನಮ್ಮ ಬೇಸುರವನ್ನೆಲ್ಲ ಹೇಗೋ ಎಳೆದು ದಡ ಸೇರಿಸುತ್ತಿದ್ದವರು. ಅವರ ಹೆಂಡತಿ ಎರಡನೇ ಬೆಂಚಿನಲ್ಲಿ ಕೂರುತ್ತಿದ್ದರು. ಆರಾಧನೆಯ ನಡುವೆ ಯಾರಾದರೂ ಪಿಸುಗುಟ್ಟಿದರೆ ತಿರುಗಿ ನೋಡುತ್ತಿದ್ದರು, ಅಷ್ಟೇ. ಆ ನೋಟಕ್ಕೆ ಕೈಕೂಸೂ ಅಳು ನಿಲ್ಲಿಸುತ್ತಿತ್ತು.

ಕೆಲವು ವರ್ಷಗಳ ಹಿಂದೆ ಮಾಸ್ಟ್ರ ಸರದಿಯೂ ಬಂತು. ಕಂಪನಿಯವರು “ಖಲಾಸ್” ಎಂದರು. ಕೀಬೋರ್ಡ್ ನುಡಿಸುವವರು ಬೇರೆ ಯಾರೂ ಇಲ್ಲ. ಹೋಗುವ ಮೊದಲು ಅವರು ಮನೆಯಲ್ಲಿ ಕೂತು, ಕೀಬೋರ್ಡಿನ ಮೇಲೆ ಫೋನ್ ಇಟ್ಟು, ನಮ್ಮ ಎಲ್ಲ ಕೀರ್ತನೆಗಳನ್ನು ನುಡಿಸಿ ಪೆನ್ ಡ್ರೈವಿಗೆ ತುಂಬಿಸಿ ನನ್ನ ಕೈಗಿಟ್ಟರು. “ನಾನು ಹೋದ್ರೂ ನಿಮ್ಮನ್ನು ಬಿಡುದಿಲ್ಲ ಮಾರಾಯ” ಎಂದರು.

ನಿಜವೇ ಆಯಿತು. ಆರಾಧನೆ ಮುಗಿಸುವಾಗ ಹಾಡುವ ಕೀರ್ತನೆ ಅವರಿಗೆ ಬಹಳ ಇಷ್ಟ. ಅದರ ಮೂರು ಚರಣ ಮುಗಿದು ನಾಲ್ಕನೆಯದಕ್ಕೆ ಹೋಗುವ ಮೊದಲು ಕುಕ್ಕರ್ ಕೂಗುತ್ತದೆ. ಸಂಗೀತ ನಿಲ್ಲುತ್ತದೆ. ಮಾಸ್ಟ್ರ ಸ್ವರ ಹಾಲಿಡೀ ಮೊಳಗುತ್ತದೆ: “ಎಷ್ಟು ವಿಸಿಲ್ ಆಯ್ತು ಮಾರಾಯ್ತಿ?” ಸ್ವಲ್ಪ ಮೌನ. ಅಡುಗೆಮನೆಯಿಂದ ಹೆಂಡತಿ ಕೊಟ್ಟ ಉತ್ತರ ಫೋನಿಗೆ ಸಿಕ್ಕಿಲ್ಲ. ಆಮೇಲೆ, “ಸರಿ, ಆಫ್ ಮಾಡು.” ನಾಲ್ಕನೇ ಚರಣ ಶುರು.

ಮೊದಲ ಶುಕ್ರವಾರ ನಾವು ಕರವಸ್ತ್ರ ಬಾಯಿಗೆ ತುರುಕಿಕೊಂಡೆವು. ಹೀಗಾಗಬಾರದೆಂದು ನಾನು ಮೊಬೈಲಿನಲ್ಲಿ ಆ ತುಂಡನ್ನು ಕತ್ತರಿಸಲು ಹೋಗಿ, ನಾಲ್ಕನೇ ಚರಣವನ್ನೂ ಕತ್ತರಿಸಿದೆ. ಮರುವಾರ ಸಂಗೀತ ಇದ್ದಕ್ಕಿದ್ದಂತೆ ನಿಂತು, ನಾವೆಲ್ಲ ಮೆಟ್ಟಿಲಿಲ್ಲದ ಕಡೆ ಕಾಲಿಟ್ಟವರಂತೆ ಮುಗ್ಗರಿಸಿದೆವು. ಹಿರಿಯರು, “ಮೊದಲಿನದ್ದೇ ಹಾಕಿ. ಕುಕ್ಕರ್ ಆದ್ರೂ ಶ್ರುತಿಯಲ್ಲಿ ಉಂಟು” ಎಂದರು.

ಬರಬರುತ್ತ ನಗು ನಿಂತುಹೋಯಿತು. ಎಷ್ಟು ವಿಸಿಲ್ ಆಗಿದ್ದೀತು ಎಂಬ ಚರ್ಚೆ ಮಾತ್ರ ನಿಲ್ಲಲಿಲ್ಲ. ಅವರು ಹಾಗೆ ಕೇಳಬೇಕಾದರೆ ಕಡಲೆಯೇ ಆಗಿರಬೇಕು, ಐದಾದರೂ ಆಗಿರುತ್ತದೆ ಎಂದು ನನ್ನ ಹೆಂಡತಿಯ ವಾದ. ಬೇಳೆ, ಎರಡೇ ಎಂದು ಹಿರಿಯರು. ಆರಾಧನೆಯಲ್ಲಿ ಮಾಡುವ ಪ್ರಸಂಗದ ಬಗ್ಗೆ ಕೂಡ ಇಷ್ಟು ಚರ್ಚೆ ಆದದ್ದೇ ಇಲ್ಲ.

ಬಿಷಪರಿಗೆ ಹಿಡಿಸಿದ ಪ್ರಾರ್ಥನೆ

ಒಮ್ಮೆ ಬಿಷಪರು ಬಂದರು. ಪರದೇಶದವರು, ಕನ್ನಡದ ಗಂಧಗಾಳಿ ಇಲ್ಲ. ಕೊನೆಯ ಕೀರ್ತನೆಯಲ್ಲಿ ಮಾಸ್ಟ್ರು ತಮ್ಮ ಪ್ರಶ್ನೆ ಕೇಳಿದರು. ಬಿಷಪರು ತಟ್ಟನೆ ತಲೆಬಾಗಿ ಕಣ್ಣು ಮುಚ್ಚಿದರು. ಮೌನ. “ಸರಿ, ಆಫ್ ಮಾಡು.” ಬಿಷಪರು, “ಆಮೆನ್.”

ಚಹಾ ಕುಡಿಯುವಾಗ ಹಿರಿಯರನ್ನು ಕೇಳಿದರು, ಹಾಡಿನ ನಡುವೆ ಒಂದು ಪ್ರಶ್ನೆ, ಆಮೇಲೆ ಮೌನ, ಆಮೇಲೆ ಸಮಾಧಾನದ ಮಾತು, ಹೃದಯ ತುಂಬಿಬಂತು, ಅದರ ಅರ್ಥವೇನು ಎಂದು.

ಹಿರಿಯರು ಕಣ್ಣು ಮಿಟುಕಿಸದೆ ಇಂಗ್ಲಿಷಿನಲ್ಲಿ ಹೇಳಿದರು: “ಇನ್ನೂ ಎಷ್ಟು ಕಾಲ ಬೇಯಬೇಕು ಅಂತ ಕೇಳುದು, ಸ್ವಾಮಿ. ನಮ್ಮ ಕಡೆಯ ಹಳೇ ಪ್ರಾರ್ಥನೆ.”

ಮುಐದರಿನ ಊಟ

ಈ ವರ್ಷ ಮಳೆಗಾಲದಲ್ಲಿ ಉಡುಪಿ ಕಡೆಯಿಂದ ಫೋನ್ ಬಂತು. ಮಾಸ್ಟ್ರು ಹೋದರು. ಬೆಳಿಗ್ಗೆ ಚಹಾ ಕುಡಿದು ಕೂತವರು ಏಳಲಿಲ್ಲವಂತೆ. ಆ ಶುಕ್ರವಾರ ಪೆನ್ ಡ್ರೈವ್ ಹಾಕಲು ನನ್ನ ಕೈ ಬರಲಿಲ್ಲ. ಸಂಗೀತವಿಲ್ಲದೆ ಹಾಡಿದೆವು. ಒಬ್ಬೊಬ್ಬರದು ಒಂದೊಂದು ಶ್ರುತಿ, ಹೊರಗೆ ಕಾದಿದ್ದ ಫಿಲಿಪಿನೋಗಳು ಬಾಗಿಲು ತೆರೆದು ಇಣುಕಿ ನೋಡಿದರು.

ಅಕ್ಟೋಬರಿನಲ್ಲಿ ಇನ್ನೊಂದು ಪೆಟ್ಟು ಬಿತ್ತು. ಹಾಲಿನ ಸಮಿತಿಯವರು, ನೀವು ಇಷ್ಟೇ ಜನ, ನವೆಂಬರಿನ ಸ್ಮರಣೆಯ ಆರಾಧನೆ ಮುಗಿಸಿ ಇಂಗ್ಲಿಷ್ ಸಭೆಯೊಂದಿಗೆ ಸೇರಿಕೊಳ್ಳಿ ಎಂದರು. ನಿಮ್ಮ ಹೊತ್ತನ್ನು ಬೇರೆಯವರಿಗೆ ಕೊಡುತ್ತೇವೆ ಎಂದರು. ನಾನು ತಲೆಯಾಡಿಸಿ ಬಂದೆ. ವಾದಿಸಲು ಜನ ಬೇಕಲ್ಲ.

ಅಷ್ಟರಲ್ಲಿ ಮಾಸ್ಟ್ರ ಹೆಂಡತಿ ಇಲ್ಲೇ ದೋಹಾದ ಹತ್ತಿರ ಮುಐದರಿನಲ್ಲಿರುವ ಮಗಳ ಮನೆಗೆ ಬಂದಿದ್ದಾರೆ, ಸ್ಮರಣೆಯ ದಿನ ಗಂಡನ ಬತ್ತಿ ಹಚ್ಚಲು ಬರುತ್ತಾರೆ ಎಂದು ತಿಳಿಯಿತು. ಆ ಕೀರ್ತನೆ ಹಾಕದಿದ್ದರೆ ಮಾಸ್ಟ್ರಿಗೆ ದ್ರೋಹ. ಹಾಕಿದರೆ, ಗಂಡನನ್ನು ಮಣ್ಣು ಮಾಡಿ ಬಂದ ಹೆಂಗಸಿನ ಎದುರು ಅವರ ಸ್ವರ ಎದ್ದು ಬರುತ್ತದೆ. ಅದು ಪೆನ್ ಡ್ರೈವಿನಲ್ಲಿರುವುದು ಅವರಿಗೆ ಗೊತ್ತೇ ಇಲ್ಲ.

ಮೊದಲೇ ಹೇಳಿಬಿಡೋಣವೆಂದು ನಾನೂ ಹೆಂಡತಿಯೂ ಮುಐದರಿಗೆ ಹೋದೆವು. ನಾವೆಲ್ಲ ಅಕ್ಕ ಎಂದು ಕರೆಯುತ್ತಿದ್ದ ಮಾಸ್ಟ್ರ ಹೆಂಡತಿ ಒಂದು ಹನಿ ಕಣ್ಣೀರು ಹಾಕಲಿಲ್ಲ. ಮೀನುಸಾರು ಬಡಿಸುತ್ತ ಗಂಡನನ್ನು ಬೈದರು.

“ಉಪ್ಪೆಲ್ಲಿ, ಕನ್ನಡಕ ಎಲ್ಲಿ, ಫೋನ್ ಎಲ್ಲಿ, ದಿನಕ್ಕೆ ನೂರು ಸಲ ಕೇಳ್ತಿದ್ರು. ಉತ್ತರ ಕೊಟ್ಟು ಕೊಟ್ಟು ಸಾಕಾಗಿತ್ತು ನಂಗೆ. ಈಗ ನೋಡಿ, ಮನೆಯಲ್ಲಿ ಎಂತ ಕೇಳುವವರೂ ಇಲ್ಲ.”

ಹೆಂಡತಿ ಮೇಜಿನ ಕೆಳಗೆ ನನ್ನ ಕಾಲು ತುಳಿದಳು, ಹೇಳಿ ಎಂದು. ನಾನು ಬಾಯಿ ತೆರೆದೆ.

“ಅಕ್ಕ, ಇನ್ನು ಸ್ವಲ್ಪ ಸಾರು” ಎಂದೆ.

ಕೊನೆಯ ಶುಕ್ರವಾರ

ನಮ್ಮ ಹಾಲಿನಲ್ಲಿ ಕೊನೆಯ ಕನ್ನಡ ಆರಾಧನೆ. ಬಿಟ್ಟುಹೋದವರು ಹೋಗಿ ಉಳಿದವರೆಲ್ಲ ಬಂದಿದ್ದೆವು. ಆದರೂ ಒಬ್ಬೊಬ್ಬರಿಗೆ ಒಂದೊಂದು ಬೆಂಚು ಸಾಕಾಯಿತು. ಅಕ್ಕ ತಮ್ಮ ಹಳೆಯ ಎರಡನೇ ಬೆಂಚಿನಲ್ಲಿ ನೆಟ್ಟಗೆ ಕೂತಿದ್ದರು. ರಿಮೋಟ್ ನನ್ನ ಜೇಬಿನಲ್ಲಿ ಭದ್ರವಾಗಿತ್ತು. ಮಾಸ್ಟ್ರ ಬತ್ತಿ ಮರ್ಯಾದೆಯಿಂದ ಉರಿಯುತ್ತಿತ್ತು.

ಕೊನೆಯ ಕೀರ್ತನೆಗೆ ಮೊದಲು ನಾನು ಹಿರಿಯರ ಮುಖ ನೋಡಿದೆ. “ಹಾಕಿ” ಎಂದರು. ಹಾಕಿದೆ. ಮೂರನೇ ಚರಣ ಮುಗಿದಾಗ ಸ್ಪೀಕರಿನ ಸ್ವರ ತಗ್ಗಿಸಬೇಕೆಂದು ಯೋಚಿಸಿಟ್ಟಿದ್ದೆ. ಗಡಿಬಿಡಿಯಲ್ಲಿ ಗುಂಡಿ ತಪ್ಪಿ, ತಗ್ಗಿಸುವ ಬದಲು ಏರಿಸಿಬಿಟ್ಟೆ. ಕುಕ್ಕರ್ ಹಾಲಿನ ಗೋಡೆ ಬಿರಿಯುವಂತೆ ಕೂಗಿತು.

“ಎಷ್ಟು ವಿಸಿಲ್ ಆಯ್ತು ಮಾರಾಯ್ತಿ?”

“ಮೂರು!”

ಎರಡನೇ ಬೆಂಚಿನಿಂದ. ಅಡುಗೆಮನೆಯಿಂದ ಕೂಗಿ ಹೇಳುವಾಗಿನ ಅದೇ ಸಿಡುಕಿನಲ್ಲಿ.

“ಸರಿ, ಆಫ್ ಮಾಡು” ಎಂದರು ಮಾಸ್ಟ್ರು.

ನಾಲ್ಕನೇ ಚರಣ ಶುರುವಾಯಿತು. ಹಾಡುವುದು ಬಿಟ್ಟು ಎರಡನೇ ಬೆಂಚಿನ ಕಡೆಗೇ ನೋಡುತ್ತಿದ್ದೆವು. ಹಿರಿಯರು ಪುಸ್ತಕದಲ್ಲಿ ಮುಖ ಮುಚ್ಚಿಕೊಂಡಿದ್ದರು. ಅವರ ಭುಜ ಕುಲುಕುತ್ತಿತ್ತು, ನಗುವೋ ಅಳುವೋ ತಿಳಿಯಲಿಲ್ಲ. ನನಗೆ ನನ್ನದೇ ತಿಳಿಯಲಿಲ್ಲ. ಅಕ್ಕ ತಿರುಗಿ ನಮ್ಮೆಲ್ಲರನ್ನೂ ಆ ಹಳೆಯ ನೋಟ ನೋಡಿದರು.

“ಎಂತ ನೋಡುದು? ಹಾಡಿ!”

ಹಾಡಿದೆವು. ಯಾವ ಶ್ರುತಿಯಲ್ಲೋ ದೇವರೇ ಬಲ್ಲ.

ಹೊರಗೆ ವಾಚ್‌ಮನ್ “ಯಲ್ಲಾ, ಯಲ್ಲಾ” ಎಂದು ಹೊರಡಲು ಅವಸರ ಮಾಡುತ್ತಿದ್ದ. ನಾನು ಅಕ್ಕನ ಹತ್ತಿರ ಹೋಗಿ, ಕ್ಷಮಿಸಿ, ಮೊದಲೇ ಹೇಳಬೇಕಿತ್ತು ಎಂದೆ. ಅವರು ಕೈ ಚಾಚಿದರು. “ಆ ಪೆನ್ ಡ್ರೈವ್ ನಂಗೆ ಕೊಡಿ. ನಿಮಗೆ ಇನ್ನು ಎಂತಕ್ಕೆ?” ಹೌದು, ಇನ್ನು ನಮಗೆ ಎಂತಕ್ಕೆ. ಕೊಟ್ಟೆ. ಅವರು ಅದನ್ನು ಕರವಸ್ತ್ರದಲ್ಲಿ ಸುತ್ತಿ ಬ್ಯಾಗಿನ ಒಳಜೇಬಿಗೆ ಸೇರಿಸಿದರು. ಆಗ ಕಣ್ಣು ಒರೆಸಿಕೊಂಡರು.

ಅಷ್ಟರಲ್ಲಿ ಹಿರಿಯರು ಬಂದು, “ಅಕ್ಕ, ಮೂರು ಅಂತ ಗೊತ್ತಾದದ್ದು ಒಳ್ಳೆದಾಯ್ತು. ಇಷ್ಟು ವರ್ಷ ಇಲ್ಲಿ ಎರಡು, ಐದು ಅಂತ ದೊಡ್ಡ ಜಗಳ” ಎಂದರು.

“ಅಯ್ಯೋ, ಎಷ್ಟಾಗಿತ್ತೋ ಯಾರಿಗೆ ಗೊತ್ತು!” ಎಂದರು ಅಕ್ಕ. “ಕುಕ್ಕರ್ ಲೆಕ್ಕ ನಾನು ಯಾವತ್ತೂ ಇಟ್ಟವಳಲ್ಲ. ಅವರು ಕೇಳಿದಾಗೆಲ್ಲ ಮೂರು ಅಂತಿದ್ದೆ. ಸಾಯುವವರೆಗೂ ನಂಬಿದ್ರು, ಪಾಪ.”